ನಾಲ್ಕನೆಯ ಪುಟ

ಗುರುತು ಹಾಕಲು ಇಳಿದ ಕೆಂಪು ಪೆನ್ನು ಹಾಳೆಯಿಂದ ಕೂದಲೆಳೆಯಷ್ಟು ಮೇಲೆ ನಿಂತಿತು. ಕೆಳಗೆ ಗುರುತು ಹಾಕಲು ಏನೂ ಇರಲಿಲ್ಲ.

ಬೈಲಪ್ಪ ಪುಟ ತಿರುವಿದ. ಎರಡನೆಯದೂ ಖಾಲಿ. ಮೂರನೆಯದೂ. ನಾಲ್ಕನೆಯ ಪುಟದ ನಡುವೆ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಎರಡು ಸಾಲು: 'ಉದಾಹರಣೆ ಕೊಟ್ಟಿದ್ದೆ, ಸರ್. ಕಳೆದ ಸಲ, ನಾಲ್ಕನೆಯ ಪುಟದಲ್ಲಿ.'

ಹೆಸರಿಲ್ಲ. ಹೆಸರು ಬರೆಯಬಾರದೆಂಬುದು ನಿಯಮ. ಮೊದಲ ಪುಟದ ಮೂಲೆಯಲ್ಲಿ ನೋಂದಣಿ ಸಂಖ್ಯೆ ಮಾತ್ರ: ನೂರ ಹದಿನೇಳು.

"ಎಷ್ಟು?" ಎಂದಳು ವಾರಿಜಾ ಅಡುಗೆಮನೆಯಿಂದ. ಭಾನುವಾರ ಬೆಳಿಗ್ಗೆ ಅವರೆಕಾಯಿ ಸುಲಿಯುತ್ತಾ, ನಡುನಡುವೆ ಕೈ ಒರೆಸಿಕೊಂಡು, ಗಂಡ ಕೂಗಿ ಹೇಳುವ ಅಂಕಗಳನ್ನು ಪಟ್ಟಿಗೆ ಇಳಿಸುವುದು ಅವಳ ಕೆಲಸ.

"ಇರು."

"ನೂರ ಹದಿನೇಳಕ್ಕೆ 'ಇರು' ಅಂತ ಬರ್ಕೊಳ್ಳಲಾ?"

ಅವನು ನಗಲಿಲ್ಲ.

ದೂರದ ಒಂದು ವಿಶ್ವವಿದ್ಯಾಲಯ ವಾಯುಪಡೆಯ ಅಧಿಕಾರಿಗಳಿಗಾಗಿ ಅಂಚೆಯ ಮೂಲಕ ಎಂ.ಎ. ನಡೆಸುತ್ತಿತ್ತು. ವಿಷಯ, ಅಂತರರಾಷ್ಟ್ರೀಯ ಭದ್ರತೆ. ಪಾಠಗಳು ಅಂಚೆಯಲ್ಲಿ ಹೋಗುತ್ತಿದ್ದವು, ಉತ್ತರಗಳು ಅಂಚೆಯಲ್ಲಿ ಬರುತ್ತಿದ್ದವು. ಅವುಗಳನ್ನು ತಿದ್ದಲು ಊರೂರಲ್ಲಿ ಬೈಲಪ್ಪನಂಥವರಿದ್ದರು. ಅವನು ಜಯನಗರದ ಒಂದು ಸಂಜೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದ. ವಿಮಾನವನ್ನು ನೆಲದ ಮೇಲೆ ನಿಂತು ನೋಡಿದ್ದನೇ ಹೊರತು ಹತ್ತಿದವನಲ್ಲ. ಆದರೂ ಯುದ್ಧವೆಂದರೆ ಏನೆಂದು ನಲವತ್ತು ಪೈಲಟ್ಟುಗಳು ಸರಿಯಾಗಿ ಅರ್ಥ ಮಾಡಿಕೊಂಡಿದ್ದಾರೋ ಇಲ್ಲವೋ ಎಂಬುದನ್ನು ನಾಲ್ಕು ವರ್ಷದಿಂದ ತೀರ್ಮಾನಿಸುತ್ತಿದ್ದ.

ತೀರ್ಮಾನಕ್ಕೊಂದು ಕ್ರಮವಿತ್ತು. ಮೊದಲ ಪ್ಯಾರಾ ಓದುವುದು, ಕೊನೆಯ ಪ್ಯಾರಾ ಓದುವುದು. ನಡುವಿನ ಪುಟಗಳಲ್ಲಿ ನಾಲ್ಕು ಬೆರಳಿಗೊಂದರಂತೆ ಕೆಂಪು ರೈಟ್ ಮಾರ್ಕು. ಎಲ್ಲವೂ ಒಂದೇ ಅಂತರದಲ್ಲಿದ್ದರೆ ಅನುಮಾನ ಬಂದೀತೆಂದು ಕೆಲವನ್ನು ಹತ್ತಿರ, ಕೆಲವನ್ನು ದೂರ ಹಾಕುವಷ್ಟು ಶ್ರದ್ಧೆ ಅವನಲ್ಲಿತ್ತು. ಕೊನೆಗೆ ಮೂರು ಷರಾಗಳಲ್ಲಿ ಒಂದು. ಚೆನ್ನಾಗಿದೆ. ಆಳ ಸಾಲದು. ಉದಾಹರಣೆ ಕೊಡಿ. ಸರದಿಯ ಪ್ರಕಾರ.

ಮೊದಲ ವರ್ಷ ಅವನು ಪ್ರತಿ ಸಾಲನ್ನೂ ಓದಿದ್ದ. ಅಂಚಿನಲ್ಲಿ ವಾದ ಮಾಡಿದ್ದ. ಉತ್ತರ ಪತ್ರಿಕೆಗಳು ತಡವಾದವು. ಇಲ್ಲಿನ ಕೇಂದ್ರ ನೋಡಿಕೊಳ್ಳುತ್ತಿದ್ದ ರಾಮಯ್ಯನವರು ಕರೆದು ಬುದ್ಧಿ ಹೇಳಿದ್ದರು. ಅಧಿಕಾರಿಗಳಿಗೆ ಬೇಕಾದ್ದು ಬಡ್ತಿ, ವಿಶ್ವವಿದ್ಯಾಲಯಕ್ಕೆ ಬೇಕಾದ್ದು ಸಂಖ್ಯೆ, ನೀವು ಓದಿ ಇಬ್ಬರಿಗೂ ತೊಂದರೆ ಕೊಡಬೇಡಿ ಎಂದಿದ್ದರು. ಬೈಲಪ್ಪನಿಗೆ ಆಗ ಬೇಸರವಾಗಿತ್ತು. ಆಮೇಲೆ ಬೇಸರ ಆಗದಿದ್ದದ್ದನ್ನು ಅವನು ಗಮನಿಸಿರಲಿಲ್ಲ.

ಈಗ ನೂರ ಹದಿನೇಳು ಏನು ಬರೆದಿದ್ದ ಎಂದು ನೆನಪಿಸಿಕೊಳ್ಳಲು ನೋಡಿದ. ಕಳೆದ ಸಲದ ಪ್ರಶ್ನೆ ನೆನಪಿತ್ತು: 'ಸೀಮಿತ ಯುದ್ಧದಲ್ಲಿ ಬಲಪ್ರಯೋಗಕ್ಕೆ ಇರಬೇಕಾದ ಮಿತಿಗಳನ್ನು ಚರ್ಚಿಸಿ.' ನಾಲ್ಕನೆಯ ಪುಟದಲ್ಲಿ ಹಾಕಿದ ಗುರುತುಗಳ ಅಂದಾಜು ಸಿಕ್ಕಿತು. ಅಕ್ಷರಗಳು ಸಿಗಲಿಲ್ಲ. ತಿದ್ದಿದ ಪತ್ರಿಕೆ ಆಗಲೇ ಅವರವರಿಗೆ ವಾಪಸು ಹೋಗಿತ್ತು.

"ಇದರ ಲಕೋಟೆ ಎಲ್ಲಿ?"

ಗಡುವು ಮೀರಿದೆಯೇ ಎಂದು ನೋಡಲು ಅಂಚೆಮುದ್ರೆ ಬೇಕಾಗುತ್ತಿದ್ದುದರಿಂದ ಲಕೋಟೆಯೂ ಜೊತೆಗೇ ಬರುತ್ತಿತ್ತು. ವಾರಿಜಾ ಅವನ್ನು ಎಸೆಯುತ್ತಿರಲಿಲ್ಲ. ಜೋಡಣೆ ಬಿಡಿಸಿ, ಒಳಮೈ ಹೊರಗೆ ಮಾಡಿ, ಮೈದಾ ಅಂಟಿನಿಂದ ಮತ್ತೆ ಅಂಟಿಸುತ್ತಿದ್ದಳು. ತವರಿಗೆ ಬರೆಯುವ ಕಾಗದಗಳೆಲ್ಲ ಹೀಗೆ ವಾಯುಪಡೆಯ ಲಕೋಟೆಗಳಲ್ಲೇ ಹೋಗುತ್ತಿದ್ದವು.

"ನಿನ್ನೆ ಅಂಟಿಸಿದ್ದು ರೀ. ಕೀಳಬೇಡಿ, ಹರಿಯುತ್ತೆ."

ಅವನು ಒಂದೊಂದನ್ನೇ ಕಿಟಕಿಗೆ ಹಿಡಿದು, ಒಳಮೈಯ ನೋಂದಣಿ ಸಂಖ್ಯೆ ನೋಡಿ, ಒಂದನ್ನು ಉಗುರಿನಿಂದ ಬಿಡಿಸಿದ. ಹರಿಯಿತು. ಒಳಗೆ ಹೆಸರಿತ್ತು. ಸ್ಕ್ವಾಡ್ರನ್ ಲೀಡರ್ ಚಿನ್ನಪ್ಪ. ವಿಳಾಸ ಜೋಧಪುರದ ವಾಯುನೆಲೆಯಲ್ಲ, ತಾಂಬರಂ ಅಲ್ಲ. ಜೆ.ಪಿ. ನಗರ, ಎರಡನೇ ಫೇಸ್. ಬನಶಂಕರಿಯ ಈ ಮನೆಯಿಂದ ಒಂದು ಗಂಟೆಯ ದಾರಿಯೂ ಅಲ್ಲ.

ಯುದ್ಧ ಇಷ್ಟು ಹತ್ತಿರವಿದ್ದದ್ದು ಅವನಿಗೆ ಹಿಡಿಸಲಿಲ್ಲ.

"ಅವರು ಕಂಪ್ಲೇಂಟ್ ಕೊಟ್ರೆ ಈ ಕೆಲಸ ಹೋಗುತ್ತೆ," ಎಂದು ಅಂಗಿ ತೊಟ್ಟುಕೊಳ್ಳುತ್ತಾ ಹೇಳಿದ.

"ಹೋದ್ರೆ ಹೋಗ್ಲಿ. ಓದದೇ ಇರೋ ಕೆಲಸ ಇನ್ನೆಲ್ಲಾದ್ರೂ ಸಿಗುತ್ತೆ." ವಾರಿಜಾ ತಲೆ ಎತ್ತಲಿಲ್ಲ. "ಅದಕ್ಕೇ ಹೋಗ್ತಿದ್ದೀರಾ?"

ಅದಕ್ಕಲ್ಲ ಎಂದು ಅವನಿಗೂ ಗೊತ್ತಿತ್ತು. ಯಾತಕ್ಕೆಂದು ಗೊತ್ತಿರಲಿಲ್ಲ.

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಬಸ್ಸಿಳಿದು ಅವನು ದಕ್ಷಿಣಕ್ಕೆ ನಡೆದ. ಜನವರಿಯ ಬಿಸಿಲು ಬೆಳಕಾಗಿತ್ತು, ಬಿಸಿಯಾಗಿರಲಿಲ್ಲ. ಮನೆಗಳು ತೆಳುವಾದವು. ಕಲ್ಲು ನೆಟ್ಟ ಸೈಟುಗಳ ನಡುವೆ ಒಂದೊಂದು ಮನೆ, ಹೊಸ ಸುಣ್ಣದಲ್ಲಿ, ಯಾರನ್ನೋ ಕಾಯುವಂತೆ ನಿಂತಿತ್ತು. ಸಾರಕ್ಕಿಯ ಕಡೆಯವರು ಟಾರು ರಸ್ತೆಯ ಮೇಲೆ ಹುರುಳಿ ಗಿಡ ಹರಡಿದ್ದರು. ಬಸ್ಸು, ಲಾರಿ ಹಾದಷ್ಟೂ ಕಾಳು ಬಿಡುತ್ತಿತ್ತು. ತಲಘಟ್ಟಪುರದಲ್ಲಿ ಅವನ ಅಪ್ಪನೂ ಹೀಗೇ ಹರಡುತ್ತಿದ್ದ. ಬೈಲಪ್ಪ ಹುರುಳಿಯನ್ನು ತುಳಿಯದಂತೆ ಪಕ್ಕಕ್ಕೆ ಸರಿದ. ರಸ್ತೆ ಬದಿ ಕೂತಿದ್ದ ಹೆಂಗಸು ಕೂಗಿದಳು:

"ತುಳ್ಕೊಂಡೇ ಹೋಗು ಸಾಮಿ. ತುಳೀಲಿ ಅಂತ್ಲೇ ಹಾಕಿರೋದು."

ಅವನು ತುಳಿದುಕೊಂಡು ಹೋದ. ಕಾಲಡಿಯ ಚಟಚಟ ಸದ್ದಿನ ನಡುವೆಯೇ ಒಂದು ಸಾಲು ನೆನಪಾಯಿತು.

ಮಕ್ಕಳು ನೆರಳಿನ ಜೊತೆ ಓಡುತ್ತಿದ್ದರು.

ಅವನು ನಿಂತ. ನಾಲ್ಕನೆಯ ಪುಟ. ಇದೇ ಸಾಲು, ಸಂಶಯವಿಲ್ಲ. ಕೈ ಗುರುತು ಹಾಕುವಾಗ ಕಣ್ಣು ಓದಿತ್ತು. ಮನಸ್ಸು ಇರದಿದ್ದರೇನು, ಕಣ್ಣು ಪ್ರಾಮಾಣಿಕವಾಗಿತ್ತು. ಎದೆ ಹಗುರಾಯಿತು. ಒಂದಿಷ್ಟು ದೂರ ಬೇಗಬೇಗ ನಡೆದ.

ಆಮೇಲೆ ನಡಿಗೆ ನಿಧಾನವಾಯಿತು. ಸಾಲು ಕನ್ನಡದಲ್ಲಿತ್ತು. ಉತ್ತರ ಪತ್ರಿಕೆಗಳು ಇಂಗ್ಲಿಷಿನಲ್ಲಿರುತ್ತವೆ.

ಚಿಕ್ಕವನಿದ್ದಾಗ ಊರಿನ ಮೇಲೆ ತರಬೇತಿಯ ವಿಮಾನಗಳು ಬರುತ್ತಿದ್ದವು. ಅವುಗಳ ನೆರಳು ರಾಗಿ ಹೊಲದ ಮೇಲೆ ಜಾರುತ್ತಾ ಬಂದರೆ ಹುಡುಗರೆಲ್ಲ ಅದರ ಜೊತೆ ಓಡುತ್ತಿದ್ದರು. ಬದು ಹಾರಿ, ಬೇಲಿ ಹಾರಿ, ಕೆರೆ ಏರಿಯವರೆಗೆ. ನೆರಳೊಳಗೆ ಮೂರು ಹೆಜ್ಜೆ ಓಡಿದವನು ಗೆದ್ದ ಹಾಗೆ. ಒಮ್ಮೆ ಬೈಲಪ್ಪ ಗೆದ್ದಿದ್ದ. ನೆರಳು ತಣ್ಣಗಿರುತ್ತದೆಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ.

ಸಾಲು ಯಾರದು? ಓದಿದ್ದೋ, ತನ್ನದೋ? ಎರಡು ಸಲ ರಸ್ತೆ ತಪ್ಪಿದ.

ಕೊನೆಗೆ ಸಿಕ್ಕ ಮನೆಯ ಮುಂದೆ ನಲವತ್ತರ ಗಂಡಸೊಬ್ಬ ಸ್ಕೂಟರ್ ತೊಳೆಯುತ್ತಿದ್ದ. ಮಡಿಸಿದ ಪ್ಯಾಂಟು, ಬರಿಗಾಲು. ಮೀಸೆ ಮಾತ್ರ ಯೂನಿಫಾರಂ ತೊಟ್ಟಂತಿತ್ತು.

"ನೂರ ಹದಿನೇಳು?" ಎಂದ ಬೈಲಪ್ಪ. ಹೆಸರು ಗೊತ್ತಿದ್ದೂ ಬಾಯಿಗೆ ಬಂದದ್ದು ಅದು.

ಆತ ಬಟ್ಟೆ ಹಿಂಡಿ ಸೀಟಿನ ಮೇಲೆ ಹರಡಿದ. "ಉದಾಹರಣೆ ಕೇಳಿದೋರು ನೀವಾ?"

"ಹೌದು."

"ನೀವು ಇಲ್ಲಿಗೆ ಬರಬಾರದಿತ್ತು."

"ನಿಯಮದಲ್ಲಿಲ್ಲ, ಗೊತ್ತು..."

"ನಿಯಮದ ಮಾತಲ್ಲ." ಚಿನ್ನಪ್ಪ ಗೇಟು ತೆರೆದ. ಬೇಕೆಂದಲ್ಲ, ಬಂದವರಿಗೆ ಗೇಟು ತೆರೆಯಬೇಕಾಗುತ್ತದೆ.

ಒಳಗೆ ಚಿನ್ನಪ್ಪನ ಹೆಂಡತಿ ಗೌರಮ್ಮ ಸಂಭ್ರಮಪಟ್ಟಳು. ತಿದ್ದುವ ಮೇಷ್ಟ್ರು ಎಂದು ಗೊತ್ತಾದ ಮೇಲೆ ಕುರ್ಚಿಯ ಮೇಲಿನ ಒಗೆದ ಬಟ್ಟೆಗಳನ್ನು ಬಾಚಿಕೊಂಡು, ಮಡಿಕೇರಿಯಲ್ಲಿ ತನ್ನ ಅಣ್ಣನೂ ಮೇಷ್ಟ್ರೇ ಎಂದಳು. ಗಂಡ ರಾತ್ರಿಯೆಲ್ಲ ಕೂತು ಬರೆಯುತ್ತಾರೆ, ಏನು ಬರೆಯುತ್ತಾರೋ ತಾನು ಕೇಳುವುದಿಲ್ಲ, ಮಿಲಿಟರಿ ವಿಷಯ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಪಾಸಾಗ್ತಾರಾ?"

"ಗೌರಿ, ಕಾಫಿ," ಎಂದ ಚಿನ್ನಪ್ಪ.

ಅವಳು ಒಳಗೆ ಹೋದಳು. ಇಬ್ಬರೂ ಕೂತರು. ನಡುವೆ ಮೇಜು. ಮೇಜಿನ ಮೇಲೆ ಬಣ್ಣದ ಪೆನ್ಸಿಲಿನ ಡಬ್ಬಿ, ಅದರ ಪಕ್ಕದಲ್ಲಿ ದಾರ ಕಟ್ಟಿದ ಹಾಳೆಗಳು, ನಡುವಿನ ಪುಟಕ್ಕೆ ಮಡಚಿ, ಬೋರಲಾಗಿ.

"ಮಾರ್ಕ್ಸ್ ಬಗ್ಗೆ ಬಂದೆ," ಎಂದ ಬೈಲಪ್ಪ. "ಕಳೆದ ಸಲ ಸ್ವಲ್ಪ ಕಡಿಮೆ ಆಯ್ತು ಅನ್ಸುತ್ತೆ. ನಲವತ್ತೆಂಟು. ಮತ್ತೆ ನೋಡಬಹುದು."

"ನಲವತ್ತೆಂಟು ಸಾಕು."

"ಅರವತ್ತರ ತನಕ..."

"ಪಾಸ್ ಮಾರ್ಕ್ಸ್ ನಲವತ್ತು ಅಲ್ವಾ? ಎಂಟು ಜಾಸ್ತೀನೇ ಕೊಟ್ಟಿದ್ದೀರಿ."

ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯ ಸದ್ದಾಯಿತು. ಚಿನ್ನಪ್ಪ ಅತ್ತ ನೋಡಿ, ಸದ್ದು ಮುಂದುವರಿದದ್ದು ಖಚಿತವಾದ ಮೇಲೆ ಮಾತಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. ವರದಿ ಒಪ್ಪಿಸುವವನ ದನಿ.

"ಎಂಟು ವರ್ಷ ಆಯ್ತು ಮೇಷ್ಟ್ರೇ. ಎಪ್ಪತ್ತೊಂದು, ಡಿಸೆಂಬರ್. ಆವತ್ತು ಬಾಂಬ್ ಹಾಕಿ ಬಂದು ಕೊಟ್ಟ ರಿಪೋರ್ಟಲ್ಲಿ ಬರೀಲಿಲ್ಲ. ಅವಳಿಗೆ ಹೇಳ್ಲಿಲ್ಲ. ಈ ಕೋರ್ಸಲ್ಲಿ ಯಾರು ಓದ್ತಾರೋ ನಮಗೆ ಗೊತ್ತಿಲ್ಲ, ಯಾರು ಬರೆದ್ರೋ ಅವರಿಗೆ ಗೊತ್ತಿಲ್ಲ. ಪ್ರಶ್ನೆ ಬೇರೆ ಅದೇ ಬಂತು. ಬರೆದೆ. ಒಂದು ಪುಟ ಆಯ್ತು, ಅಷ್ಟೇ. ಎಂಟು ವರ್ಷದ್ದು ಒಂದೇ ಪುಟ."

ಬೈಲಪ್ಪ ಕನ್ನಡಕ ಸರಿಮಾಡಿಕೊಂಡ.

"ಬೈತೀರೇನೋ ಅನ್ಕೊಂಡಿದ್ದೆ. ಮೇಲಿನೋರಿಗೆ ಬರೀತೀರೇನೋ ಅಂತಾನೂ ಅನ್ಕೊಂಡೆ. ಬರೆದಿದ್ರೂ ಸರಿ ಅಂತ ರೆಡಿಯಾಗಿದ್ದೆ. ಎರಡು ತಿಂಗಳು ಪೋಸ್ಟ್‌ಮ್ಯಾನ್‌ಗೆ ಕಾದೆ." ಸ್ವಲ್ಪ ನಕ್ಕ. "ಐದು ರೈಟ್ ಮಾರ್ಕ್ ಬಂತು, ಆ ಪುಟಕ್ಕೆ."

ಈಗ ಓದಲಿಲ್ಲ ಎಂದು ಹೇಳಬೇಕು. ಬೈಲಪ್ಪನಿಗೆ ಅದು ಸ್ಪಷ್ಟವಿತ್ತು. ನಾಲ್ಕಕ್ಷರದ ಮಾತು. ಆದರೆ ಬಾಯಿ ಬೇರೆಯದನ್ನು ಹೇಳಿತು.

"ಓದಿದ್ದೆ. ಮಕ್ಕಳು ನೆರಳಿನ ಜೊತೆ ಓಡ್ತಿದ್ರು ಅಂತ..."

ಚಿನ್ನಪ್ಪನ ಕೈ ಮೇಜಿನ ಮೇಲೆಯೇ ಇತ್ತು. ಮುಖ ಮಾತ್ರ ಎಲ್ಲೋ ಹೋಗಿ ಬಂತು.

"ನಾನು ಹಾಗೆ ಬರೆದಿಲ್ಲ," ಎಂದ. "ಎಷ್ಟು ಮಕ್ಕಳು ಅಂತ ಬರೆದೆ. ಓಡ್ತಿದ್ರು ಅಂತ ಬರೆದೆ. ಯಾಕೆ ಓಡ್ತಿದ್ರು ಅಂತ ನನಗೆ ಗೊತ್ತಿರ್ಲಿಲ್ಲ. ಹೆದರಿ ಅನ್ಕೊಂಡಿದ್ದೆ." ಮುಂದೆ ಬಾಗಿದ. "ನೆರಳು ಅಂತ ಯಾರು ಹೇಳಿದ್ರು ನಿಮಗೆ?"

"ನಾವು... ನಾನು, ಚಿಕ್ಕವನಿದ್ದಾಗ. ತಲಘಟ್ಟಪುರದಲ್ಲಿ. ಓಡ್ತಿದ್ವಿ. ಆಟ ಅದು."

"ಆಟ."

"ಹೌದು."

"ಆಮೇಲೆ?"

"ಆಮೇಲೆ ಏನಿಲ್ಲ. ವಿಮಾನ ಹೋಗ್ತಿತ್ತು."

"ಹೋಗ್ತಿತ್ತು," ಎಂದ ಚಿನ್ನಪ್ಪ.

ಗೌರಮ್ಮ ಕಾಫಿ ತಂದಿಟ್ಟಳು. ಸಕ್ಕರೆ ಸಾಕೇ ಎಂದು ಕೇಳಿದಳು. ಸಾಕು ಎಂದರು ಇಬ್ಬರೂ. ಅವಳು ಇವರ ಮುಖ ನೋಡಿ, ಪಾಸಾಗುವುದು ಕಷ್ಟವಿದೆ ಎಂದುಕೊಂಡವಳಂತೆ ಸದ್ದಿಲ್ಲದೆ ಒಳಗೆ ಹೋದಳು.

ಬೈಲಪ್ಪ ಲೋಟ ಮುಟ್ಟಲಿಲ್ಲ. ತಾನು ಏನನ್ನೋ ಕೊಡಲು ಬಂದು, ಇನ್ನೇನನ್ನೋ ಕೊಟ್ಟುಬಿಟ್ಟೆ ಎನ್ನಿಸಿತು. ಇಷ್ಟು ದಿನ ಈ ಮನುಷ್ಯನ ಬಳಿ ಹೆದರಿ ಓಡಿದ ಮಕ್ಕಳಿದ್ದರು. ಈಗ ಆಡುತ್ತಿದ್ದ ಮಕ್ಕಳೂ ಇದ್ದಾರೆ.

"ನಾನು ಓದಿರಲಿಲ್ಲ," ಎಂದ.

"ಗೊತ್ತು."

"ಯಾವುದನ್ನೂ ಓದಲ್ಲ. ನಾಲ್ಕು ವರ್ಷದಿಂದ... ಮೂರು ವರ್ಷದಿಂದ."

"ಗೊತ್ತಾಯ್ತು."

ಬೈಲಪ್ಪನ ಕಣ್ಣು ಬೋರಲು ಬಿದ್ದ ಹಾಳೆಗಳ ಮೇಲಿತ್ತು. ತೆಳು ಕಾಗದ. ಅವನ ಕೆಂಪು ಶಾಯಿ ಹಿಂಬದಿಗೂ ಇಳಿದಿತ್ತು. ಮೇಲಿದ್ದ ಹಾಳೆ ಯಾವ ಪುಟದ ಬೆನ್ನೆಂದು ಲೆಕ್ಕ ಹಾಕಬೇಕಾಗಲಿಲ್ಲ. ಐದು ಗುರುತುಗಳು, ತಿರುಗುಮುರುಗಾಗಿ. ಯಾರೋ ಒಂದೊಂದಕ್ಕೂ ಪೆನ್ಸಿಲಿನಿಂದ ರೆಕ್ಕೆ ಬರೆದಿದ್ದರು, ಬಾಲ ಬರೆದಿದ್ದರು, ಪುಟ್ಟ ಕಿಟಕಿಗಳನ್ನು ಬರೆದಿದ್ದರು.

"ಮಗಳು," ಎಂದ ಚಿನ್ನಪ್ಪ. "ಏಳು ವರ್ಷ. ಖಾಲಿ ಹಾಳೆ ಅನ್ಕೊಂಡಿದ್ದಾಳೆ."

ಐದು ಕೆಂಪು ವಿಮಾನಗಳು ಒಂದೇ ದಿಕ್ಕಿಗೆ ಹೊರಟಿದ್ದವು. ಸುತ್ತ ನೀಲಿ ತಿಕ್ಕಿ ಆಕಾಶ ಮಾಡಿದ್ದಳು. ನೀಲಿಯ ಹಿಂದಿನಿಂದ, ಮಸುಕಾಗಿ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಕ್ಷರಗಳು. ಬೈಲಪ್ಪ ಒಂದು ಪದ ಬಿಡಿಸಲು ನೋಡಿದ. ಆಗಲಿಲ್ಲ. ಹಾಳೆಯ ಕೆಳಗಡೆ ಅಳತೆಪಟ್ಟಿ ಇಟ್ಟು ಎಳೆದ ಹಸಿರು ಗೆರೆ, ನೆಲ. ನೆಲದ ಮೇಲೆ ಅವಳು ಇನ್ನೂ ಯಾರನ್ನೂ ಬರೆದಿರಲಿಲ್ಲ.

"ಕೊಡಿ," ಎಂದ ಬೈಲಪ್ಪ. ದನಿ ಅವನಿಗೇ ಬೇರೆಯವರದೆನಿಸಿತು. "ಈಗ ಓದ್ತೀನಿ. ಇಲ್ಲೇ ಕೂತು, ನಿಮ್ಮ ಎದುರಿಗೇ. ಒಂದಕ್ಷರ ಬಿಡದೆ."

ಚಿನ್ನಪ್ಪ ಅವನನ್ನು ನೋಡಿದ. ಅವನ ಮುಖ, ಕನ್ನಡಕ, ಬಾಚಿದ ಕೂದಲು, ಮುಟ್ಟದೆ ಇಟ್ಟ ಕಾಫಿ, ಒಂದೊಂದನ್ನೂ. ಆಮೇಲೆ ಅಂಗೈಯನ್ನು ಹಾಳೆಯ ಮೇಲಿಟ್ಟ. ಐದು ವಿಮಾನಗಳೂ ಅದರ ಕೆಳಗೆ ಮರೆಯಾದವು. ಹಸಿರು ಗೆರೆ ಮಾತ್ರ ಹೊರಗೆ ಉಳಿಯಿತು, ಅದರ ಮೇಲೆ ಕೈಯ ನೆರಳು.

"ಬೇಡ," ಎಂದ.