ಮೂರನೆಯ ಪ್ರತಿ

ಮತ್ತೆ ಬಿಡುಗಡೆಯಾದ ಹಳೆಯ ಜಾಝ್ ಆಲ್ಬಮ್ಮಿನ ರೆಕಾರ್ಡಿನ ಎರಡು ಪ್ರತಿಗಳನ್ನು ನನ್ನ ಗಂಡ ಭಾರ್ಗವ ಆಗಲೇ ವಾಪಸು ಕಳಿಸಿದ್ದರು. ಇವತ್ತು ಮೂರನೆಯದು ನಮ್ಮ ಸಮರ್‌ಸೆಟ್ ಮನೆಗೆ ಬಂದಿತ್ತು; ಅದನ್ನು ಹಾಕಿ ಕೇಳುತ್ತಿದ್ದರು.

“ಮತ್ತೆ ಅದೇ ಕಥೆ ಕಣೇ. ಸಿಂಬಲ್ ಎಲ್ಲಾ ಒರೆಸಿ ಹಾಕಿದ್ದಾರೆ. ಡ್ರಮ್ಮಿಗೆ ಕಂಬಳಿ ಹೊದಿಸಿ ಬಾರಿಸಿದ ಹಾಗಿದೆ,” ಎಂದರು.

ನನಗೆ ಸಿಂಬಲ್ಲಿನ ಹಿತ್ತಾಳೆ ತಟ್ಟೆಗಳ ಝಣಝಣ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸೀಲಿಂಗಿನಲ್ಲಿ ಅವರ ತಲೆಯ ಮೇಲೆಯೇ ಇದ್ದ ಸ್ಮೋಕ್ ಅಲಾರಂ ಬ್ಯಾಟರಿ ಮುಗಿದು, ಬೆಳಗ್ಗೆಯಿಂದ ಆಗಾಗ ಚಿಂವ್ ಎನ್ನುತ್ತಿದ್ದುದೂ ಕೇಳಿಸುತ್ತಿತ್ತು. ಅವರು ಒಮ್ಮೆಯೂ ತಲೆ ಎತ್ತಿರಲಿಲ್ಲ. ಎತ್ತಲಿ ಎಂದು ನಾನು ಹೊಸ ಬ್ಯಾಟರಿ ಹಿಡಿದುಕೊಂಡು ಕಾಯುತ್ತಿದ್ದೆ.

“ಹಳೇದು ಹಾಕ್ತೀನಿ, ಡಿಫರೆನ್ಸ್ ನೀನೇ ಹೇಳು.” ಪಕ್ಕದ ಊರು ಪಿಸ್ಕಾಟವೇಯಲ್ಲಿ ಕಾಲೇಜು ಓದುವಾಗ ಕೊಂಡಿದ್ದ, ಅದೇ ಆಲ್ಬಮ್ಮಿನ ಹಳೆಯ ರೆಕಾರ್ಡನ್ನು ಹಾಕಿದರು. ನಗುತ್ತಾ ಕೂತವರು ಸ್ವಲ್ಪ ಹೊತ್ತಿಗೆ ಮುಂದಕ್ಕೆ ಬಾಗಿದರು. ವಾಲ್ಯೂಮ್ ಹೆಚ್ಚಿಸಿದರು. ಎದ್ದು ಹೋಗಿ ಸ್ಪೀಕರಿಗೆ ಕಿವಿ ಹಚ್ಚಿದರು.

“ಇದರಲ್ಲೂ ಇಲ್ಲ. ಪ್ಲೇಯರ್ ಮುಳ್ಳು ಸವೆದಿರಬೇಕು, ಅಲ್ವಾ?”

ಹೌದು ಎಂದುಬಿಡುವುದು ಸುಲಭವಾಗಿತ್ತು. ನಾನು ಕುರ್ಚಿ ಎಳೆದುಕೊಂಡು ಅದರ ಮೇಲೆ ಹತ್ತಿದೆ.

“ಅಲ್ಲೇನು ಮಾಡ್ತಿದ್ದೀಯ?”

“ಅಲಾರಂ ರೀ. ಬೆಳಗ್ಗೆಯಿಂದ ಕೂಗ್ತಾ ಇದೆ. ಈಗಷ್ಟೇ ಕೂಗ್ತು.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ರೆಕಾರ್ಡಿನ ಮೇಲಿಂದ ಮುಳ್ಳನ್ನು ಎತ್ತಿದರು.

“ಬ್ಯಾಟರಿ ಈಗಲೇ ಹಾಕಬೇಡ,” ಎಂದು ಕುರ್ಚಿಯ ಪಕ್ಕಕ್ಕೆ ಬಂದು, ಮುಖ ಮೇಲೆತ್ತಿ ನಿಂತರು.

ಅಲಾರಂ ಮತ್ತೆ ಕೂಗಿತು. ಅವರು ಇನ್ನೂ ಕಾಯುತ್ತಲೇ ಇದ್ದರು.