ಇಂಡಿಯಿಂದ ಇಂಗಳೇಶ್ವರಕ್ಕೆ ಆರು ತಂತಿ

೧೯೭೪ರ ನವೆಂಬರ್ ೯, ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಇಂಡಿಯ ನನ್ನ ಬಾಡಿಗೆ ಕೋಣೆಯಲ್ಲಿ ಗಿಟಾರಿನ ಆರೂ ತಂತಿಗಳನ್ನು ಸಡಿಲಿಸಿ ಚಂದಪ್ಪನ ಕೈಗೆ ಕೊಟ್ಟೆ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ, ಅವನು ಬಸ್ ಕಂಡಕ್ಟರ್. ಮರುದಿನ ಇಂಗಳೇಶ್ವರದಲ್ಲಿ, ಅವನ ಮಾವನ ಮನೆಯಲ್ಲಿ, ಅವನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹೆಂಗಸರು ಜೋಗುಳ ಹಾಡುವಾಗ ತಾನು ಗಿಟಾರ್ ನುಡಿಸುತ್ತೇನೆಂದು ಅತ್ತೆಗೆ ಹೇಳಿಬಿಟ್ಟಿದ್ದ. ನನ್ನ ಸಹಾಯವಿಲ್ಲದೆ ಆರೂ ತಂತಿಗಳನ್ನು ಸ್ವರಕ್ಕೆ ಕೂಡಿಸಿದರೆ ಮಾತ್ರ ವಾದ್ಯ ಕೊಡುವೆನೆಂದು ನಾನು ಷರತ್ತು ಹಾಕಿದ್ದೆ. ಒಂದು ತಂತಿ ಹರಿದರೂ ಹೊಸದಕ್ಕೆ ಸೊಲ್ಲಾಪುರಕ್ಕೇ ಹೋಗಬೇಕು.

ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಸ್ವರಗಳ ಹೆಸರು ಇ, ಎ, ಡಿ, ಜಿ, ಬಿ, ಇ. ಮೂರು ವಾರ ಹೇಳಿಕೊಟ್ಟರೂ ಚಂದಪ್ಪನಿಗೆ ನೆನಪಿನಲ್ಲಿ ನಿಲ್ಲಲಿಲ್ಲ. ಕೊನೆಗೆ ಅವನೇ ಅವುಗಳನ್ನು ತನ್ನ ಬಸ್ಸಿನ ದಾರಿಯ ಊರುಗಳನ್ನಾಗಿ ಮಾಡಿಕೊಂಡ: ಇಂಡಿ, ಆಲಮೇಲ, ದೇವರ ಹಿಪ್ಪರಗಿ, ಗೊಳಸಂಗಿ, ಬಾಗೇವಾಡಿ, ಇಂಗಳೇಶ್ವರ.

“ಇಂಡಿಗೆ ಇಂಗ್ಲಿಷಿನ್ಯಾಗ ಐ ಬರ್ತೈತಿ, ಇ ಅಲ್ಲ,” ಎಂದಿದ್ದೆ.

“ತಂತಿಗೇನ್ ಇಂಗ್ಲಿಷ್ ಓದಾಕ ಬರ್ತೈತೇನ್ರಿ ಸರ?” ಎಂದಿದ್ದ.

ಮನೆಯೊಡತಿ ಸುಮಿತ್ರಾಬಾಯಿಯವರು ತಮ್ಮ ಭಜನೆಯ ಹಾರ್ಮೋನಿಯಂ ತಂದು ಕುಳಿತರು. ಅದರ ಬಿಳಿ ಪಟ್ಟಿಗಳ ಮೇಲೆ ನಾನು ಅಕ್ಷರದ ಚೀಟಿ ಅಂಟಿಸಿದ್ದೆ. ಗಿಟಾರಿನ ಬಿರಡೆಗಳ ಪಕ್ಕದಲ್ಲಿ, ನನ್ನ ಗಿಟಾರ್ ಪುಸ್ತಕದಲ್ಲಿದ್ದಂತೆಯೇ, ಒಂದರಿಂದ ಆರರವರೆಗೆ ಅಂಕಿ ಬರೆದಿದ್ದೆ.

“ಇಂಡಿ ಒತ್ರಿ ಅಕ್ಕಾರ,” ಎಂದ ಚಂದಪ್ಪ. ಒಂದನೆಯ ತಂತಿ ಸ್ವರಕ್ಕೆ ಕೂಡಿತು. “ಈಗ ಆಲಮೇಲ.” ಎರಡನೆಯದು ಕೂಡಿತು, ಆದರೆ ಜೋತುಬಿದ್ದಂತೆ ಮಂಕಾಗಿ ನುಡಿಯಿತು. ದೇವರ ಹಿಪ್ಪರಗಿಯಲ್ಲಿ ಮೂರನೆಯದು ಇನ್ನೂ ಮಂಕಾಯಿತು. ಗೊಳಸಂಗಿ ಬಂದಾಗ ನಾಲ್ಕನೆಯ ತಂತಿ ಬಿಗಿಯುತ್ತ ಬಿಗಿಯುತ್ತ ಕಿರುಗುಟ್ಟತೊಡಗಿತು.

ನನಗೆ ತಪ್ಪು ಗೊತ್ತಾಯಿತು. ಹೇಳಿದರೆ ಅವನು ಷರತ್ತಿನಲ್ಲಿ ಸೋಲುತ್ತಾನೆ. ಹೇಳದಿದ್ದರೆ ತಂತಿ ಹರಿಯುತ್ತದೆ. ಬಾಯಿ ತೆರೆದೆ.

“ಮಾಸ್ತರ್ರ, ಸುಮ್ಮ ಕುಂಡರ್ರಿ. ಪರೀಕ್ಷಾದಾಗ ಕಾಪಿ ಮಾಡಸ್ತೀರೇನು?” ಎಂದರು ಸುಮಿತ್ರಾಬಾಯಿ.

ಚಂದಪ್ಪ ಬಿರಡೆಯಿಂದ ಕೈ ತೆಗೆದ. “ಅಲ್ರಿ ಅಕ್ಕಾರ, ನಮ್ಮ ದಾರ್ಯಾಗ ಘಾಟ ಎಲ್ಲೈತ್ರಿ? ಎಲ್ಲಾ ಬಯಲು. ಈ ಗಾಡಿ ಯಾಕ ಇಷ್ಟ ತಿಣಕಾಕತ್ತೈತಿ?”

“ಗಾಡಿನ ಕೇಳು. ನನಗೇನ್ ಕೇಳ್ತಿ?”

ಅವನು ಬೆರಳಿನಿಂದ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಒಂದನೆಯದು ಕೂದಲಿನಷ್ಟು ತೆಳು, ಆರನೆಯದು ದಪ್ಪ. ಆಮೇಲೆ ಹಣೆ ಬಡಿದುಕೊಂಡು ನಕ್ಕ. “ಹೋಗೋ ಟಿಕೀಟ ಕೊಟ್ಟು ವಾಪಸ್ ಗಾಡಿ ಹತ್ತಿಸೇನಲ್ರಿ! ಒಂದನೇ ತಂತಿ ಇಂಗಳೇಶ್ವರ. ಇಂಡಿ ಆರನೇದು. ಎರಡೂ ತುದಿಗೆ ಇ ಇದ್ರ ಕಂಡಕ್ಟರ್ ಏನ್ ಮಾಡ್ಬೇಕು?”

“ಅತ್ತಿ ಮನಿ ಹುಚ್ಚು. ಹೊರಡೂಕಿಂತ ಮೊದಲೇ ಇಂಗಳೇಶ್ವರದಾಗ ಇಳದಿ,” ಎಂದರು ಬಾಯಿಯವರು.

ಪುಸ್ತಕ ತೆಳು ತಂತಿಯಿಂದ ಎಣಿಸುತ್ತದೆ, ಬಸ್ಸು ಇಂಡಿಯಿಂದ ಹೊರಡುತ್ತದೆ. ಎರಡನ್ನೂ ಬಲ್ಲ ನಾನು ಅದನ್ನು ಅವನಿಗೆ ಹೇಳಿಕೊಟ್ಟಿರಲಿಲ್ಲ. “ಅರ್ಧ ತಪ್ಪು ನಂದು. ಮೊದಲಿಂದ ಮಾಡ್ರಿ,” ಎಂದೆ.

ಅವನು ಎಲ್ಲವನ್ನೂ ಸಡಿಲಿಸಿ ದಪ್ಪ ತಂತಿಯಿಂದ ಶುರುಮಾಡಿದ. ನಾನು ಗಡಿಯಾರ ನೋಡಿಕೊಂಡೆ. ಈ ಸಲ ಯಾವ ತಂತಿಯೂ ಕಿರುಗುಟ್ಟಲಿಲ್ಲ. ಆರನ್ನೂ ಹಾರ್ಮೋನಿಯಂ ಜೊತೆ ನುಡಿಸಿ ನೋಡಿದೆ. ಬಾಗೇವಾಡಿ ಮಾತ್ರ ಒಂದು ಕೂದಲೆಳೆ ಕೆಳಗಿತ್ತು. ನಾನು ಹೇಳುವ ಮೊದಲೇ ಅವನು ಅದನ್ನು ಏರಿಸಿದ.

“ಒಯ್ರಿ,” ಎಂದೆ.

ಅವನು ಗಿಟಾರನ್ನು ಕೌದಿಯಲ್ಲಿ ಸುತ್ತತೊಡಗಿದ. ಇಂಡಿಯಿಂದ ಇಂಗಳೇಶ್ವರಕ್ಕೆ ಅವನಿಗೆ ಹಿಡಿದದ್ದು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.