ಕಣ್ಣಿಗೆ ಹತ್ತಿದ ಬೂಸ್ಟು

"ಬಾಯಿ ಮುಚ್ಚೇ ಮುಂಡೇದೆ. ಕಸ ಗುಡಿಸೋಳು, ಡಾಕ್ಟ್ರಿಗೇ ಪಾಠ ಹೇಳ್ತೀಯಾ?"

ಮೇಟ್ರನ್ ನನ್ನ ಮೇಲೆ ಹೀಗೆ ಅರಚಿದ್ದು ವಾರ್ಡಿನ ಮೂವತ್ತು ಮಂಚಗಳಿಗೂ ಕೇಳಿಸಿತು.

"ಪಾಠ ಯಾಕೆ ಹೇಳ್ಲಿ? ಕಣ್ಣಿನ ಡಾಕ್ಟ್ರನ್ನ ಕರೆಸಿ ಅಂತ ಹತ್ತು ದಿನ ಕಾಲು ಹಿಡಿದೆ. ಎರಡೂ ಕಣ್ಣು ಹೋದ್ಮೇಲೆ ಇವತ್ತು ಕರೆಸಿದ್ರಿ. ಏನು, ಹೆಣ ನೋಡೋಕಾ?"

ನನ್ನ ತಂಗಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅಂಗಿಗಳಿಗೆ ಕಾಜ ಹೊಲಿಯುವವಳು. ಕರುಳಿನ ಆಪರೇಷನ್ ಆಗಿ, ಮೂರು ವಾರ ಕತ್ತಿನ ನರಕ್ಕೆ ಹಾಕಿದ ನಳಿಕೆಯಲ್ಲೇ ಅವಳಿಗೆ ಆಹಾರ. ಆಮೇಲೆ ಬಿಡದ ಜ್ವರ. ರಕ್ತದಲ್ಲಿ ಬೂಸ್ಟು, ಅಂದರೆ ಫಂಗಸ್, ಬೆಳೆದಿದೆ ಎಂದರು. "ಅಕ್ಕಾ, ಕಣ್ಮುಂದೆ ನುಸಿ ಹಾರ್ತಾವೆ. ನಿಮ್ಮ ಆಸ್ಪತ್ರೆ ನುಸಿ ಅಲ್ವಾ, ಕೈಗೇ ಸಿಗಲ್ಲ" ಎಂದು ನಕ್ಕಿದ್ದಳು. ರೌಂಡ್ಸಿಗೆ ಬಂದ ಡಾಕ್ಟರೂ ನಕ್ಕಿದ್ದ: "ಕಣ್ಣಿಗೂ ರಜೆ ಬೇಕಂತಾ?" ಇವತ್ತು ಬಂದ ಕಣ್ಣಿನ ಡಾಕ್ಟರು, ನಳಿಕೆಯಿಂದ ರಕ್ತಕ್ಕಿಳಿದ ಬೂಸ್ಟೇ ಕಣ್ಣಿಗೂ ಹತ್ತಿದೆ ಎಂದರು.

ಮೇಟ್ರನ್ ಪಕ್ಕ ನಿಂತಿದ್ದ ಸೂಪರಿಂಟೆಂಡೆಂಟ್ ಒಂದು ಕಾಗದ ಚಾಚಿದ. "ಇವಳ ಕಣ್ಣು ಮೊದಲೇ ಮಂಜಾಗಿತ್ತು ಅಂತ ಬರೆದಿದೆ. ಅವಳಿಗಂತೂ ಕಾಣಲ್ಲ, ನೀನೇ ಹೆಬ್ಬೆಟ್ಟು ಒತ್ತು. ನಿನ್ನ ಕೆಲಸ ನಿನಗಿರುತ್ತೆ."

ನಾನು ಕಾಗದ ಅವನ ಕಡೆಗೇ ತಳ್ಳಿದೆ.

"ಹೆಬ್ಬೆಟ್ಟು ಯಾಕೆ, ಸೈ ಬರುತ್ತೆ ನಂಗೆ. ನಾನು ಹೇಳಿದ್ದು ಬರ್ಕೊಳ್ಳಿ. ಕತ್ತಿನ ನಳಿಕೆ ಡ್ರೆಸ್ಸಿಂಗು ನರ್ಸ್ ಕೆಲಸ. ಇಷ್ಟು ಮಂಚಕ್ಕೆ ಒಬ್ಬಳೇ ನರ್ಸು, ನೀನೇ ಮಾಡು ಅಂದ್ರಿ. ದಿನಕ್ಕೆ ಒಂದೇ ಜೊತೆ ಗ್ಲೌಸು, ತೊಳೆದು ಬಕೆಟ್ ಮೇಲೆ ಒಣಗಿಸಿ ಹಾಕ್ಕೋ ಅಂದ್ರಿ. ಹೇಲು ಬಾಚಿದ ಗ್ಲೌಸಲ್ಲೇ ಕತ್ತು ಮುಟ್ಟಿದೀನಿ. ಎಲ್ಲರದ್ದೂ. ಇವಳದ್ದೂ."

ಸೂಪರಿಂಟೆಂಡೆಂಟ್ ಕಾಗದ ಮಡಚಿ ಜೇಬಿಗಿಟ್ಟ. ಗೆದ್ದೆ ಅಂದುಕೊಂಡೆ.

"ಅಕ್ಕಾ," ತಂಗಿಯ ದನಿ ಸಣ್ಣಗಿತ್ತು. "ನನ್ನ ಡ್ರೆಸ್ಸಿಂಗಿಗೆ ಬೇರೆ ಆಯಾ ಬಂದ್ರೆ ಅವಳ ಕೈ ಒರಟು ಅಂತ ನೀನು ಓಡಿಸ್ತಿದ್ದೆ. ನಾನೇ ಮಾಡ್ತೀನಿ ಅಂತಿದ್ದೆ."

"ಸೋಪು ಹಾಕಿ ತೊಳೆದಿದ್ದೆ ಕಣೇ. ನಿಂದು ಅಂತ ಎರಡು ಸಲ ತೊಳೆದಿದ್ದೆ."

"ಅಂದ್ರೆ, ಅಪಾಯ ಅಂತ ಗೊತ್ತಿತ್ತಾ ನಿಂಗೆ?"



ಅವಳು ಕಾಲು ಕೆಳಗಿಟ್ಟು ಚಪ್ಪಲಿಗೆ ತಡಕಾಡಿದಳು. ಸಿಗಲಿಲ್ಲ. ನಾನು ಬಗ್ಗಿ ತೊಡಿಸಲು ಹೋದೆ. ಪಾದ ಹಿಂದಕ್ಕೆಳೆದುಕೊಂಡಳು.

"ಮುಟ್ಟಬೇಡ."

ಬರಿಗಾಲಲ್ಲಿ ಎದ್ದಳು. ಒಂದು ಮಂಚದ ಕಂಬಿ ಬಿಟ್ಟು ಇನ್ನೊಂದು ಮಂಚದ ಕಂಬಿ ಹಿಡಿಯುತ್ತ ನಡೆದಳು. ಯಾರನ್ನೋ ನೋಡಲು ಬಂದಿದ್ದ ಹೆಂಗಸೊಬ್ಬಳು ಎದ್ದು ಅವಳ ಕೈ ಹಿಡಿದುಕೊಂಡಳು. ಹತ್ತು ಹೆಜ್ಜೆ ಹಾಕಿದ್ದರೆ ನಾನೂ ಅವಳನ್ನು ಮುಟ್ಟಬಹುದಿತ್ತು. ಚಪ್ಪಲಿ ಹಿಡಿದುಕೊಂಡೇ ನಿಂತೆ. ಬಾಗಿಲು ದಾಟುವಾಗ ಅವಳ ಭುಜ ಚೌಕಟ್ಟಿಗೆ ಬಡಿಯಿತು.

ಮೇಟ್ರನ್ ಕೆಮ್ಮಿದಳು. "ಮಂಚ ಖಾಲಿಯಾಯ್ತಲ್ಲ. ಶೀಟ್ ತೆಗಿ, ಹೊರಗೆ ಪೇಷಂಟ್ ಕಾಯ್ತಿದಾರೆ."

ಆಮೇಲೆ ಗೇಟಿನ ಕಾವಲಿನವನನ್ನು ಕೇಳಿದೆ. ತಂಗಿಯೂ ಆ ಹೆಂಗಸೂ ಬಸ್ಸು ಹತ್ತಿದರು ಎಂದ, ಯಾವ ಬಸ್ಸೋ ನೋಡಲಿಲ್ಲವಂತೆ. ಅವಳು ಮನೆಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.